ನೇರಳೆ ಚಪ್ಪರದಲ್ಲಿ ಕೆಂಪು ಶರಬತ್ತು

ದಿಬ್ಬಣ ಬಂದಿಳಿದಾಗ ಕೈಕಾಲಿಗೆ ನೀರು, ಬಾಯಾರಿಕೆಗೆ ಬೆಲ್ಲ ನೀರು. ಹಿಂದೆಲ್ಲ ಮುಂಡಾಜೆಯ ಅಡಿಕೆ ತೋಟದ ಮನೆಗಳಲ್ಲಿ ಸ್ವಾಗತವೆಂದರೆ ಇಷ್ಟೇ. ಬೇಸಿಗೆಯ ಮದುವೆಯಾದರೆ ಪುನರ್ಪುಳಿ ಶರಬತ್ತು. ಅದು ಚಪ್ಪರದ ಬಣ್ಣಕ್ಕೆ ಹೊಂದುತ್ತದೆಯೇ ಎಂದು ಕೇಳಿದವರಿಲ್ಲ. ಚಪ್ಪರಕ್ಕಿದ್ದ ಬಣ್ಣ ಒಂದೇ, ಒಣಗಿದ ಸೋಗೆಯದು.

ಉಜಿರೆ ದಾಟಿ ಚಾರ್ಮಾಡಿ ಕಡೆಗೆ ಹೋಗುವ ಹೆದ್ದಾರಿಯ ಈ ಊರಿನ ಒಂದು ಮನೆಗೆ ಈಚೆಗೆ ಆ ಪ್ರಶ್ನೆಯೂ ಬಂತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮದುಮಗಳು ಸೀರೆ, ಚಪ್ಪರದ ಬಟ್ಟೆ, ಹೂವು ಎಲ್ಲವೂ ತಿಳಿ ನೇರಳೆಯೆಂದು ನಿಶ್ಚಯಿಸಿದ್ದಳು. ಹೊರದೇಶದ ಮದುವೆಗಳಲ್ಲಿ ಅಲಂಕಾರದ ಬಣ್ಣಕ್ಕೆ ಹೊಂದುವಂತೆ ಕಾಕ್‌ಟೇಲ್ ಬೆರೆಸಿ, ಅದಕ್ಕೊಂದು ಹೆಸರನ್ನೂ ಇಡುತ್ತಾರೆ. ಮುಂಡಾಜೆಯ ಆ ಅಂಗಳಕ್ಕೆ ಮದ್ಯ ಬರುವಂತಿರಲಿಲ್ಲ. ಬಣ್ಣ ಬರಬಹುದಲ್ಲ!

ಅಪ್ಪನ ಮನಸ್ಸಿನಲ್ಲಿದ್ದದ್ದು ಅಟ್ಟದ ಮೇಲಿನ ಭರಣಿ. ಎರಡು ಬೇಸಿಗೆಯ ಹಿಂದೆ ಅಮ್ಮ ಹಿತ್ತಿಲ ಮರದ ಹಣ್ಣು ಒಡೆದು, ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಅದ್ದಿ ಒಣಗಿಸಿ, ಮಗಳ ಮದುವೆಗೆಂದು ತುಂಬಿಟ್ಟದ್ದು. ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಆಕೆ ತೀರಿಕೊಂಡಿದ್ದರು. ಇಂಥದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅಪ್ಪನಿಗಿಲ್ಲ. "ಈ ಸೆಕೆಗೆ ಪುನರ್ಪುಳಿಯೇ ಒಳ್ಳೆಯದು" ಎಂದರು, ಅಷ್ಟೆ.

"ಅದು ಕೆಂಪಲ್ಲವಾ ಅಪ್ಪಾ?" ಎಂದಳು ಮಗಳು.

ಅಡುಗೆ ಭಟ್ಟರು ಹಿಂದಿನ ದಿನ ಒಂದು ಲೋಟದಲ್ಲಿ ಪರೀಕ್ಷೆ ನಡೆಸಿದರು. ಶರಬತ್ತಿಗೆ ಚಿಟಿಕೆ ಅಡುಗೆ ಸೋಡಾ ಬಿದ್ದದ್ದೇ ನೊರೆ ಎದ್ದಿತು, ಕೆಂಪು ಕಪ್ಪಿಟ್ಟಿತು. ಇನ್ನೊಂದು ಚಿಟಿಕೆಗೆ ನೇರಳೆಯಂಥದೇನೋ ಬಂತು, ಕೆಸರು ಕದಡಿದ ಹಾಗೆ. ಬಾಯಿಗಿಟ್ಟರೆ ಸೋಡಾದ ಸಪ್ಪೆ. ಪುನರ್ಪುಳಿಯ ಬಣ್ಣ ಆಂಥೋಸಯಾನಿನ್ ಎಂಬ ವರ್ಗದ್ದು. ಆಮ್ಲವಿರುವ ತನಕ ಅದು ಕೆಂಪು. ಆಮ್ಲವನ್ನು ಸೋಡಾ ಕೊಂದರೆ ಹುಳಿಯೊಂದಿಗೆ ಕೆಂಪೂ ಹೋಗುತ್ತದೆ. ಹುಳಿಯನ್ನು ಇಟ್ಟುಕೊಂಡು ಬಣ್ಣವನ್ನು ಮಾತ್ರ ಬದಲಿಸುವ ಉಪಾಯ ಭಟ್ಟರ ಬಳಿ ಇರಲಿಲ್ಲ, ಪ್ರಯೋಗಶಾಲೆಯವರ ಬಳಿಯೂ ಸುಲಭಕ್ಕಿಲ್ಲ.

"ನಿಮ್ಮಮ್ಮ ಒಣಗಿಸಿದ್ದು ತಂಗೀ, ಇದಕ್ಕೆ ಇನ್ನು ಸೋಡಾ ಹಾಕಲು ಕೈ ಬರುವುದಿಲ್ಲ" ಎಂದರು ಭಟ್ಟರು. ಅವಳು ಭರಣಿಯ ಕಡೆ ನೋಡಿದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಬೇಲಿಯಲ್ಲಿ. ಶಂಖಪುಷ್ಪದ ಎಸಳುಗಳನ್ನು ಬಿಸಿನೀರಿಗೆ ಹಾಕಿದರೆ ಅಚ್ಚ ನೀಲಿ. ಮಲೇಷ್ಯಾದಲ್ಲಿ ಅನ್ನಕ್ಕೇ ಈ ಹೂವಿನ ನೀಲಿ ಹಿಡಿಸುತ್ತಾರೆ. ಅದಕ್ಕೆ ನಾಲ್ಕು ಹನಿ ಲಿಂಬೆರಸ ಬಿದ್ದರೆ ನೇರಳೆ! ಇದೂ ಆಂಥೋಸಯಾನಿನ್ ವರ್ಗದ್ದೇ ಬಣ್ಣ. ಶಾಲೆಯಲ್ಲಿ ಲಿಟ್ಮಸ್ ಕಾಗದ ಮುಗಿದಾಗ ದಾಸವಾಳದ ರಸದಲ್ಲಿ ಪಾಠ ಮುಗಿಸುವುದೂ ಇದೇ ಧೈರ್ಯದಿಂದ. ರುಚಿ ಮಾತ್ರ ಬರೇ ಲಿಂಬೆ ಶರಬತ್ತಿನದು. ಹೂವಿಗೆ ಹೇಳಿಕೊಳ್ಳುವಂಥ ರುಚಿಯೇನಿಲ್ಲ.

ಮದುವೆಯ ದಿನ ಚಪ್ಪರದ ಬಾಗಿಲಲ್ಲಿ ಎರಡು ಪಾತ್ರೆ. ನೇರಳೆ ಲೋಟ ಹಿಡಿದು ಫೋಟೋ ತೆಗೆಸಿಕೊಂಡವರು, ಅದನ್ನು ಅರ್ಧಕ್ಕೇ ಬಿಟ್ಟು ಕೆಂಪಿನ ಕಡೆ ಸರಿದರು. ವೈಶಾಖದ ಸೆಕೆ ನೋಡಿ! ಧಾರೆಯ ಹೊತ್ತಿಗೆ ಕೆಂಪು ತಳ ಕಂಡಿತ್ತು.

ಉಪವಾಸವಿದ್ದ ಮದುಮಗಳು ಧಾರೆ ಮುಗಿದ ಮೇಲೆ ಬಂದು ಕೇಳಿದ್ದೂ ಅದನ್ನೇ. ಭಟ್ಟರು ಒಂದು ಲೋಟ ತೆಗೆದಿಟ್ಟಿದ್ದರು. ನಿಂತಲ್ಲೇ ಕುಡಿದಳು. ಅವಸರಕ್ಕೆ ಒಂದು ಹನಿ ಸೀರೆಯ ಸೆರಗಿಗೆ ಬಿತ್ತು. ಚಿಕ್ಕಮ್ಮ ಓಡಿ ಹೋಗಿ ಸಾಬೂನು ನೀರು ತಂದು ಉಜ್ಜಿದರು. ಕೆಂಪು ಕಲೆ ಅವರ ಬೆರಳಿನಡಿಯಲ್ಲೇ ನೀಲಿ ಬೆರೆತ ನೇರಳೆಗೆ ತಿರುಗಿತು.

"ಅಯ್ಯೋ, ಸೀರೆಯ ಬಣ್ಣಕ್ಕೇ ಬಂತಲ್ಲ ಮಾರಾಯ್ತಿ!"

ನಿನ್ನೆ ಲೋಟದಲ್ಲಿ ಬರಲೊಪ್ಪದ ಬಣ್ಣ ಸೆರಗಿನಲ್ಲಿ ಬಂದಿತ್ತು. ಮದುಮಗಳು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಹೊಗೆಯಿಂದಲೋ ಏನೋ, ಹೋಮ ಆಗಷ್ಟೇ ಮುಗಿದಿತ್ತು.

ಸಂಜೆ ದಿಬ್ಬಣ ಹೊರಡುವಾಗ ಭರಣಿಯ ಅಡಿಯಲ್ಲಿ ಉಳಿದಿದ್ದ ಎರಡು ಹಿಡಿ ಸಿಪ್ಪೆಯನ್ನು ಅಪ್ಪ ಕಾಗದದಲ್ಲಿ ಸುತ್ತಿ ಮಗಳ ಪೆಟ್ಟಿಗೆಯಲ್ಲಿಟ್ಟರು. "ಡಬ್ಬಿಗೆ ಹಾಕಿಡು, ಬೆಂಗಳೂರಿನ ಮಳೆಗೆ ತೇವ ಹಿಡಿದೀತು" ಎಂದರು.