ಕಡಲ ಮೇಲೊಂದು ಜಗಲಿ

ಹಡಗಿನಲ್ಲಿ ಕೋಣೆ ಆರಿಸುವುದೂ ಊರಿನಲ್ಲಿ ಬಾಡಿಗೆ ಮನೆ ಹುಡುಕುವುದೂ ಹೆಚ್ಚುಕಡಿಮೆ ಒಂದೇ. ಬೆಳಕು ಬರುತ್ತದೆಯೇ, ಮೇಲಿನವರು ರಾತ್ರಿ ಸದ್ದು ಮಾಡುತ್ತಾರೆಯೇ, ಲಿಫ್ಟ್ ಎಷ್ಟು ದೂರ, ಬಾಡಿಗೆ ಕೈಗೆಟಕುತ್ತದೆಯೇ ಎಂದು ನೋಡಬೇಕು. ವ್ಯತ್ಯಾಸವೆಂದರೆ ಇಲ್ಲಿ ಮನೆಯೇ ನಡೆದಾಡುತ್ತದೆ, ಒಮ್ಮೆ ಹತ್ತಿದ ಮೇಲೆ ಏಳು ದಿನ ಬದಲಾಯಿಸುವುದು ಕಷ್ಟ.

ಕಳೆದ ಜುಲೈನಲ್ಲಿ ನಾವು ಆರು ಜನ ಅಮೆರಿಕದ ಸಿಯಾಟಲ್‌ನಿಂದ ಅಲಾಸ್ಕಕ್ಕೆ ಹಡಗಿನಲ್ಲಿ ಹೋಗಿಬಂದೆವು. ನಾನು, ನಮ್ಮ ಯಜಮಾನರು, ಸಿಯಾಟಲ್‌ನಲ್ಲಿರುವ ಮಗ-ಸೊಸೆ, ಅವರ ಒಂಬತ್ತು ವರ್ಷದ ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು. ಮಗ ಓದಲು ಅಮೆರಿಕಕ್ಕೆ ಹೋದಾಗ ಮಗಳು ಹೈಸ್ಕೂಲಿನಲ್ಲಿದ್ದಳು. ಆಮೇಲೆ ಮದುವೆ, ಗೃಹಪ್ರವೇಶ ಎಂದು ಎರಡು ಮೂರು ದಿನ ಸೇರಿದ್ದುಂಟು. ಒಂದು ವಾರ ಪೂರ್ತಿ ಒಂದೇ ಸೂರಿನಡಿ ಇದ್ದದ್ದೇ ಇಲ್ಲ. ಹಾಗಾಗಿ ಕೋಣೆ ಯಾವುದು ಎಂಬ ಮಾತು ನಮ್ಮಲ್ಲಿ ಎರಡು ತಿಂಗಳು ನಡೆಯಿತು.

ಮೂರು ಬಗೆಯ ಕೋಣೆ

ದೊಡ್ಡ ಪ್ರವಾಸಿ ಹಡಗೆಂದರೆ ತೇಲುವ ಹತ್ತು ಹನ್ನೆರಡು ಅಂತಸ್ತಿನ ಹೋಟೆಲು. ಒಂದೊಂದು ಅಂತಸ್ತಿಗೂ ಡೆಕ್ ಎನ್ನುತ್ತಾರೆ. ಕೋಣೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಳಗಿನ ಕೋಣೆಗೆ ಕಿಟಕಿಯೇ ಇರುವುದಿಲ್ಲ. ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯದು, ಆದರೆ ದರ ಕಡಿಮೆ. ಎರಡನೆಯದಕ್ಕೆ ಕಡಲು ಕಾಣುವ ಗಾಜಿನ ಕಿಟಕಿ, ಅದನ್ನು ತೆರೆಯಲಾಗದು. ಮೂರನೆಯದಕ್ಕೆ ಗಾಜಿನ ಬಾಗಿಲು, ಅದರಾಚೆ ಎರಡು ಕುರ್ಚಿ ಹಿಡಿಯುವಷ್ಟು ಬಾಲ್ಕನಿ. ನಮ್ಮ ಶಿವಮೊಗ್ಗದ ಕಡೆಯ ಮನೆಗಳ ಜಗಲಿಯಂತೆಯೇ, ಮುಂದೆ ಬೀದಿಯ ಬದಲು ಸಮುದ್ರ ಅಷ್ಟೇ.

ಹಿಂದೆ ಬಾಲ್ಕನಿ ಬಲು ಸಿರಿವಂತರಿಗೆ ಮಾತ್ರ ಇತ್ತು. 1984ರಲ್ಲಿ ನೀರಿಗಿಳಿದ ‘ರಾಯಲ್ ಪ್ರಿನ್ಸೆಸ್’ ಎಂಬ ಹಡಗಿನಲ್ಲಿ ಪ್ರಯಾಣಿಕರ ಎಲ್ಲ ಕೋಣೆಗಳೂ ಹೊರಗಿನ ಕಡೆಗೇ ಇದ್ದವು, ಹಲವಕ್ಕೆ ಬಾಲ್ಕನಿಯೂ ಇತ್ತು. ಈಗಿನ ಹೊಸ ಹಡಗುಗಳಲ್ಲಿ ಬಾಲ್ಕನಿ ಕೋಣೆಗಳೇ ಹೆಚ್ಚು.

ಎಲ್ಲ ಕಡೆಗೂ ಬಾಲ್ಕನಿ ಬೇಕೆಂದಿಲ್ಲ. ದಿನಕ್ಕೊಂದು ಊರಿನಲ್ಲಿ ಇಳಿದು ಸುತ್ತುವ ಪ್ರವಾಸದಲ್ಲಿ ಕೋಣೆ ಮಲಗುವುದಕ್ಕಷ್ಟೇ. ಅಲಾಸ್ಕದಲ್ಲಿ ಹಾಗಲ್ಲ. ನೋಡಬೇಕಾದದ್ದು ಹಡಗು ಸಾಗುವಾಗಲೇ ಪಕ್ಕದಲ್ಲಿ ಬರುತ್ತಿರುತ್ತದೆ. ಜುಲೈನಲ್ಲಿ ರಾತ್ರಿ ಒಂಬತ್ತಾದರೂ ಬೆಳಕು. ಮೇಲಿನ ಡೆಕ್ಕಿನಲ್ಲಿ ಚಳಿಗಾಳಿ, ನೂಕುನುಗ್ಗಲು. ಮಂಡಿ ನೋವಿನ ಅಜ್ಜನಿಗೆ, ಅರ್ಧ ಗಂಟೆಗೊಮ್ಮೆ ಹಸಿವಾಗುವ ಮೊಮ್ಮಗನಿಗೆ ಕೋಣೆಯ ಪಕ್ಕದಲ್ಲೇ ಕುಳಿತು ನೋಡುವ ಜಾಗ ಇದ್ದರೆ ಅನುಕೂಲ.

ಹಡಗಿನ ನಡು, ಸೀಸಾದ ನಡು

ಮಕ್ಕಳೇ, ಪಾರ್ಕಿನಲ್ಲಿ ಸೀಸಾ ಆಡಿದ್ದೀರಲ್ಲ? ತುದಿಯಲ್ಲಿ ಕುಳಿತವರು ಮೇಲೆ ಕೆಳಗೆ ಹಾರುತ್ತಾರೆ. ನಡುವಿನ ಕಂಬದ ಬಳಿ ಕುಳಿತವರು ಅಲುಗುವುದೇ ಇಲ್ಲ. ಅಲೆಗೆ ಸಿಕ್ಕ ಹಡಗೂ ಹಾಗೆಯೇ. ಮೂತಿ ಎದ್ದರೆ ಬಾಲ ತಗ್ಗುತ್ತದೆ, ನಡುಭಾಗ ಹೆಚ್ಚು ಅಲ್ಲಾಡುವುದಿಲ್ಲ. ಪಕ್ಕಕ್ಕೆ ವಾಲುವಾಗ ಮೇಲಿನ ಅಂತಸ್ತು ಹೆಚ್ಚು ತೂಗುತ್ತದೆ, ಕೆಳಗಿನದು ಕಡಿಮೆ. ಆದ್ದರಿಂದ ಹೊಟ್ಟೆ ತೊಳಸುವವರು ಹಡಗಿನ ಉದ್ದದಲ್ಲಿ ನಡುವೆ, ಎತ್ತರದಲ್ಲಿ ಕೆಳಗೆ ಕೋಣೆ ಹಿಡಿಯಬೇಕು. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಬದಿಯಿಂದ, ತೆರೆದ ಪೆಸಿಫಿಕ್ ಸಾಗರದಲ್ಲಿ ಹೋಗುವುದರಿಂದ ಇದು ನಮಗೆ ಮುಖ್ಯವಾಗಿತ್ತು.

ಆದರೆ ತೀರ ಕೆಳಗಿನ ಬಾಲ್ಕನಿಗೆ ಇನ್ನೊಂದು ತೊಡಕಿದೆ. ಕೆಲವು ಡೆಕ್ಕುಗಳಲ್ಲಿ ಕೋಣೆಯ ಎದುರಿಗೇ ಜೀವರಕ್ಷಕ ದೋಣಿ ತೂಗಾಡುತ್ತದೆ. ಕಡಲು ನೋಡಲೆಂದು ಬಾಗಿಲು ತೆರೆದರೆ ಕಿತ್ತಳೆ ಬಣ್ಣದ ದೋಣಿಯ ಬೆನ್ನು! ಅಂಥ ಕೋಣೆಗಳಿಗೆ ‘ನೋಟಕ್ಕೆ ಅಡ್ಡಿಯಿದೆ’ ಎಂದು ನಕ್ಷೆಯಲ್ಲೇ ಬರೆದಿರುತ್ತಾರೆ, ದರವೂ ಕಡಿಮೆ. ದೋಣಿಗಳ ಮೇಲಿನ ಡೆಕ್ಕಿನಲ್ಲಿ, ನಡುಭಾಗದಲ್ಲಿ, ಲಿಫ್ಟಿಗೆ ಹತ್ತಿರ ಎಂದು ನಾವು ನಿರ್ಧರಿಸಿದೆವು.

ನಕ್ಷೆಯಲ್ಲಿ ನೋಡಬೇಕಾದದ್ದು ಇನ್ನೂ ಒಂದಿದೆ. ನಮ್ಮ ಕೋಣೆಯ ಮೇಲೇನು, ಕೆಳಗೇನು? ಮೇಲೆ ಈಜುಕೊಳವಿದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು. ಕೆಳಗೆ ನಾಟಕಶಾಲೆ ಇದ್ದರೆ ನಡುರಾತ್ರಿಯವರೆಗೆ ಡೋಲು. ಮೇಲೂ ಕೆಳಗೂ ಮಲಗುವ ಕೋಣೆಗಳೇ ಇದ್ದರೆ ನಿಶ್ಚಿಂತೆ.

ಎಡವೋ ಬಲವೋ

ಹಡಗಿನ ಎಡಬದಿಗೆ ಪೋರ್ಟ್, ಬಲಬದಿಗೆ ಸ್ಟಾರ್‌ಬೋರ್ಡ್ ಎನ್ನುತ್ತಾರೆ. ಹಿಂದಿನ ಕಾಲದ ಉತ್ತರ ಯುರೋಪಿನ ಹಡಗುಗಳಲ್ಲಿ ದಿಕ್ಕು ತಿರುಗಿಸುವ ಹುಟ್ಟು ಬಲಗಡೆ ಇರುತ್ತಿತ್ತು. ಅದು ದಡಕ್ಕೆ ತಾಗಿ ಮುರಿಯದಿರಲೆಂದು ಬಂದರಿನಲ್ಲಿ ಎಡಬದಿಯನ್ನು ಒಡ್ಡುತ್ತಿದ್ದರು. ರಾತ್ರಿ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ದೀಪ. ದೂರದ ಹಡಗು ಯಾವ ಕಡೆಗೆ ಹೊರಟಿದೆಯೆಂದು ಇದರಿಂದಲೇ ತಿಳಿಯುತ್ತದೆ.

ಉತ್ತರಕ್ಕೆ ಹೋಗುವಾಗ ನೆಲ ಬಲಗಡೆ, ಆದ್ದರಿಂದ ಬಲವೇ ಬೇಕೆಂದು ಮಗ ಹಟ ಹಿಡಿದಿದ್ದ. ಬರುವಾಗ ಅದೇ ನೆಲ ಎಡಕ್ಕೆ ಬರುತ್ತದಲ್ಲ ಎಂದು ಸೊಸೆ ಕೇಳಿದಳು. ಹಿಮನದಿಯ ಮುಂದೆ ಹಡಗನ್ನು ನಿಧಾನಕ್ಕೆ ಪೂರ್ತಿ ತಿರುಗಿಸುವುದರಿಂದ ಎರಡೂ ಕಡೆಯವರಿಗೂ ಕಾಣುತ್ತದೆ. ಹೋಗಿ ಹಿಂದಿರುಗುವ ಪ್ರವಾಸದಲ್ಲಿ ಎಡ-ಬಲಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ.

ಆರು ಜನ, ಮೂರು ಬಾಗಿಲು

ನಿಜವಾದ ಕಗ್ಗಂಟು ಯಾರು ಎಲ್ಲಿ ಎಂಬುದು. ಒಂದೇ ಕೋಣೆಯಲ್ಲಿ ನಾಲ್ವರು ಮಲಗಬಹುದು. ರೈಲಿನ ಮೇಲಿನ ಬರ್ತ್‌ನಂತೆ ಗೋಡೆಯಿಂದ ಹಾಸಿಗೆ ಇಳಿಯುತ್ತದೆ. ಮೂರನೆಯ, ನಾಲ್ಕನೆಯ ವ್ಯಕ್ತಿಗೆ ದರವೂ ಸಾಮಾನ್ಯವಾಗಿ ಕಡಿಮೆ. ಮಗಳು ನಮ್ಮ ಕೋಣೆಯಲ್ಲೇ ಇದ್ದರೆ ಉಳಿತಾಯ. ಆದರೆ ಅವಳು ಮೊದಲ ದಿನವೇ ಹೇಳಿಬಿಟ್ಟಳು: “ಅಮ್ಮ, ನನಗೆ ಬೇರೆ ಕೋಣೆ ಬೇಕು. ದುಡ್ಡು ನಾನೇ ಕೊಡ್ತೀನಿ. ಅಪ್ಪನ ಗೊರಕೆ ಒಂದು ವಾರ ನನ್ ಕೈಲಾಗಲ್ಲ.”

ಗೊರಕೆ ನೆಪವೆಂದು ಎಲ್ಲರಿಗೂ ಗೊತ್ತಿತ್ತು. ಹತ್ತು ವರ್ಷದಿಂದ ಒಬ್ಬಳೇ ಮನೆ ಮಾಡಿಕೊಂಡಿರುವವಳು. ಅಪ್ಪ ಅಮ್ಮನ ಮಂಚದ ಪಕ್ಕ ಮತ್ತೆ ಚಾಪೆ ಹಾಸು ಎಂದರೆ ಹೇಗೆ? ಆದರೆ ಹಡಗಿನ ಲೆಕ್ಕ ಕೋಣೆಗೆ ಇಬ್ಬರಂತೆ. ಒಬ್ಬರೇ ಇದ್ದರೆ ಬಹುತೇಕ ಇಬ್ಬರ ದರ. ಅವಳಿಗೂ ಬಾಲ್ಕನಿ ಕೊಡಿಸುವೆನೆಂದು ಅಣ್ಣ, ನಿನ್ನ ಹಣ ಬೇಡವೆಂದು ತಂಗಿ. ಫೋನಿನಲ್ಲಿ ಮಾತು ಸ್ವಲ್ಪ ಬಿಸಿಯೇ ಆಯಿತು.

ದಾರಿ ತೋರಿಸಿದ್ದು ಸೊಸೆ. ನಮಗೂ ಅವರಿಗೂ ಅಕ್ಕಪಕ್ಕದ ಎರಡು ಬಾಲ್ಕನಿ ಕೋಣೆ. ಅದೇ ಓಣಿಯ ಎದುರು ಬದಿಯಲ್ಲಿ ಮಗಳಿಗೆ ಕಿಟಕಿಯಿಲ್ಲದ ಒಳಕೋಣೆ. ಒಬ್ಬಳಿಗೇ ಇಬ್ಬರ ದರ ತೆತ್ತರೂ ಅದು ಅವಳ ಕೈಗೆಟಕುವಷ್ಟಿತ್ತು. “ಮಲಗೋಕೆ ಅವಳ ಬಾಗಿಲು ಅವಳಿಗೆ, ಕೂರೋಕೆ ನಮ್ಮ ಬಾಲ್ಕನಿ ಎಲ್ರಿಗೂ. ಅಲ್ವಾ ಅತ್ತೆ?” ಎಂದಳು.

ಅಕ್ಕಪಕ್ಕದ ಬಾಲ್ಕನಿಗಳ ನಡುವೆ ಒಂದು ತಡಿಕೆ ಇರುತ್ತದೆ. ಅನೇಕ ಹಡಗುಗಳಲ್ಲಿ ಕೋಣೆ ನೋಡಿಕೊಳ್ಳುವವರನ್ನು ಕೇಳಿದರೆ ಬೀಗ ತೆಗೆದು ಅದನ್ನು ಸರಿಸಿಕೊಡುತ್ತಾರೆ. ಎಲ್ಲ ತಡಿಕೆಗಳೂ ತೆರೆಯುವುದಿಲ್ಲ, ಕಾದಿರಿಸುವಾಗಲೇ ವಿಚಾರಿಸಬೇಕು. ಒಳಗಿಂದಲೇ ಬಾಗಿಲಿರುವ ಜೋಡಿ ಕೋಣೆಗಳೂ ಇವೆ. ಚಿಕ್ಕ ಮಕ್ಕಳಿದ್ದರೆ ಅವು ಒಳ್ಳೆಯವು. ಬೆಳೆದ ಮಕ್ಕಳಿದ್ದರೆ ಬೇಡ, ಆ ಬಾಗಿಲಿನ ಸಂದಿಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತದೆ.

ಜಗಲಿಯಿಂದ ಕಂಡದ್ದು

ಜೂನೋ ಅಲಾಸ್ಕದ ರಾಜಧಾನಿ, ಆದರೆ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಹಡಗು ಇಲ್ಲವೇ ವಿಮಾನ. ಸ್ಕಾಗ್ವೇಯಲ್ಲಿ 1900ರಲ್ಲಿ ಪೂರ್ಣಗೊಂಡ ಕಿರುಹಳಿಯ ರೈಲು ಬೆಟ್ಟ ಹತ್ತುತ್ತದೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ನೆನಪು ಬಂತು. ಕೆಚಿಕನ್‌ನಲ್ಲಿ ವರ್ಷಕ್ಕೆ 3500 ಮಿ.ಮೀ.ಗೂ ಹೆಚ್ಚು ಮಳೆ ಎಂದು ಮಾರ್ಗದರ್ಶಿ ಹೆಮ್ಮೆಯಿಂದ ಹೇಳಿದಾಗ, ಅದರ ಎರಡರಷ್ಟು ಸುರಿಯುವ ಆಗುಂಬೆಯ ಪಕ್ಕದವರಾದ ಇವರು ಮುಗುಳ್ನಕ್ಕು ಸುಮ್ಮನಾದರು.

ಗ್ಲೇಸಿಯರ್ ಬೇ ಎಂಬ ಕೊಲ್ಲಿಗೆ ದಿನಕ್ಕೆ ಎರಡೇ ದೊಡ್ಡ ಪ್ರವಾಸಿ ಹಡಗುಗಳಿಗೆ ಪ್ರವೇಶ. ರಾಷ್ಟ್ರೀಯ ಉದ್ಯಾನದ ರೇಂಜರುಗಳು ಹಡಗು ಹತ್ತಿ ವಿವರಣೆ ಕೊಡುತ್ತಾರೆ. 1794ರಲ್ಲಿ ಜಾರ್ಜ್ ವ್ಯಾಂಕೂವರನ ತಂಡ ಬಂದಾಗ ಇಲ್ಲಿ ಕೊಲ್ಲಿಯೇ ಇರಲಿಲ್ಲವೆನ್ನಬೇಕು. ಸುಮಾರು 8 ಕಿ.ಮೀ. ಒಳಸರಿದ ಒಂದು ಬಾಗು, ಅದರಾಚೆ ಬರೀ ಹಿಮದ ಗೋಡೆ. ಈಗ ಹಡಗು ಸುಮಾರು 100 ಕಿ.ಮೀ. ಒಳಗೆ ಹೋಗುತ್ತದೆ. ಅಷ್ಟು ಹಿಮ ಹಿಂದೆ ಸರಿದಿದೆ. ಅದಕ್ಕೂ ಹಿಂದೆ ಇದೇ ಹಿಮ ಮುಂದೆ ನುಗ್ಗಿ ಬಂದಾಗ ಇಲ್ಲಿನ ಟ್ಲಿಂಗಿಟ್ ಜನ ತಮ್ಮ ಊರು ಬಿಟ್ಟು ಹೋಗಬೇಕಾಗಿತ್ತು.

ಕೊಲ್ಲಿಯ ಕೊನೆಯಲ್ಲಿ ಮಾರ್ಜರಿ ಹಿಮನದಿ. ಅಗಲ ಸುಮಾರು 1.6 ಕಿ.ಮೀ., ನೀರಿನ ಮೇಲೆ ಎತ್ತರ ಸುಮಾರು 75 ಮೀಟರ್. ಅದರ ಬಿರುಕುಗಳಲ್ಲಿ ನೀಲಿ ಹಾಕಿದ ಬಟ್ಟೆಯಂಥ ಬಣ್ಣ. ಒತ್ತಿ ಒತ್ತಿ ಗಟ್ಟಿಯಾದ ಹಿಮ ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನು ಹೊರಬಿಡುತ್ತದೆ. ಥಟ್ಟನೆ ಒಂದು ತುಂಡು ಕಳಚಿ ನೀರಿಗೆ ಬಿತ್ತು. ಬಿದ್ದದ್ದು ಮೊದಲು ಕಂಡಿತು, ಗುಡುಗಿನಂಥ ಸದ್ದು ಆಮೇಲೆ ಬಂತು. ಟ್ಲಿಂಗಿಟ್ ಜನ ಇದನ್ನು ‘ಬಿಳಿ ಗುಡುಗು’ ಎನ್ನುತ್ತಾರೆ. ಮುಂದಿನ ತುಂಡಿಗೆ ಮೊಮ್ಮಗ ಬೆರಳು ಎಣಿಸಿದ. “ಎರಡು ಸೆಕೆಂಡ್, ಅಜ್ಜ! ಶಬ್ದ ಸೆಕೆಂಡಿಗೆ 340 ಮೀಟರ್ ಅಂದ್ರೆ ಅದು ಏಳುನೂರು ಮೀಟರ್ ದೂರ ಇದೆ.” ಅಜ್ಜ ಮೂರನೆಯ ಸಲ ಲೆಕ್ಕ ಪರೀಕ್ಷಿಸಿ ಒಪ್ಪಿದರು.

ಅದರ ಮರುದಿನ ಬೆಳಿಗ್ಗೆ ಐದಕ್ಕೇ ಎಚ್ಚರವಾಯಿತು. ಪರದೆಯಾಚೆ, ತಡಿಕೆ ಸರಿಸಿದ್ದ ಬಾಲ್ಕನಿಯಲ್ಲಿ ಅಣ್ಣ-ತಂಗಿ ಕಂಬಳಿ ಹೊದ್ದು ಕುಳಿತು ಮಾತಾಡುತ್ತಿದ್ದರು. “ಅಷ್ಟು ದೊಡ್ಡ ಮನೇಲಿ ಇಬ್ಬರೇ ಇನ್ನೆಷ್ಟು ದಿನ ಇರ್ತಾರೆ ಅಣ್ಣ? ಹೋದ ವರ್ಷ ಅಪ್ಪ ಜಾರಿ ಬಿದ್ದಾಗ ನಾನು ಬಸ್ಸಿನಲ್ಲಿ ಅಳ್ತಾ ಹೋಗಿದ್ದು ನಿಂಗೆ ಗೊತ್ತಾ?” ಅವನಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಫೋನಲ್ಲಿ ಎಲ್ಲ ಸರಿಯಾಗಿದೆ ಅಂತೀಯಲ್ಲೇ” ಎಂದ.

ನಾನು ಶಾಲು ಹೊದ್ದು ಬಾಗಿಲು ತೆರೆದೆ. ಇಬ್ಬರೂ ಮಾತು ನಿಲ್ಲಿಸಿದರು. “ನಮ್ಮ ವಿಷಯ ತಾನೆ, ನನ್ನನ್ನೂ ಸೇರಿಸ್ಕೊಳ್ಳಿ” ಎಂದು ಕುಳಿತೆ. ಸ್ವಲ್ಪ ಹೊತ್ತಿಗೆ ಅವರಪ್ಪನೂ ಬಂದರು. ಊರು ಬಿಡುವುದಿಲ್ಲ ಎಂದು ಇವರು, ಮಹಡಿಯನ್ನಾದರೂ ಬಾಡಿಗೆಗೆ ಕೊಡಿ ಎಂದು ಮಗಳು, ಮೆಟ್ಟಿಲಿಗೆ ಕೈಹಿಡಿ, ಬಚ್ಚಲಿಗೆ ಜಾರದ ಕಲ್ಲು ಹಾಕಿಸೋಣವೆಂದು ಮಗ. ನಡುವೆ ಫುಸ್ ಎಂಬ ಸದ್ದು; ಒಂದು ಹಂಪ್‌ಬ್ಯಾಕ್ ತಿಮಿಂಗಿಲ ಉಸಿರು ಚಿಮ್ಮಿಸಿ, ಬಾಲ ತೋರಿಸಿ ಮುಳುಗಿತು. ಎಲ್ಲರೂ ಅದನ್ನು ನೋಡಿ ಮತ್ತೆ ಬಚ್ಚಲ ಕಲ್ಲಿಗೆ ಬಂದೆವು.

ಹೋಗುವವರಿಗೆ

ಸಿಯಾಟಲ್‌ನಿಂದ ಹೊರಡುವ ಹಡಗುಗಳು ಕೆನಡಾದ ವಿಕ್ಟೋರಿಯದಂಥ ಊರಿನಲ್ಲಿ ನಿಲ್ಲುತ್ತವೆ. ವಿದೇಶಿ ಧ್ವಜದ ಹಡಗು ನಡುವೆ ಬೇರೆ ದೇಶವನ್ನು ಮುಟ್ಟಬೇಕೆಂಬುದು 1886ರ ಅಮೆರಿಕದ ಕಾಯಿದೆಯ ಫಲ. ಆದ್ದರಿಂದ ಭಾರತದ ಪಾಸ್‌ಪೋರ್ಟಿನವರು ಅಮೆರಿಕದ ವೀಸಾ ಜೊತೆಗೆ ಕೆನಡಾದ ವೀಸಾ ನಿಯಮವನ್ನೂ ಮೊದಲೇ ನೋಡಿಕೊಳ್ಳಬೇಕು.

‘ಕೋಣೆಯನ್ನು ನಾವೇ ಆರಿಸಿಕೊಡುತ್ತೇವೆ’ ಎಂಬ ಅಗ್ಗದ ದರ ಒಬ್ಬಿಬ್ಬರಿಗೆ ಸರಿ. ಕುಟುಂಬವಾದರೆ ಒಬ್ಬರು ಮೂತಿಯಲ್ಲಿ, ಇನ್ನೊಬ್ಬರು ಬಾಲದಲ್ಲಿ ಸಿಕ್ಕಾರು. ಕೋಣೆಯ ಬಾಗಿಲು, ಬಾಲ್ಕನಿಯ ಬಾಗಿಲು ಎರಡನ್ನೂ ಒಟ್ಟಿಗೆ ತೆರೆಯಬೇಡಿ, ಗಾಳಿ ರಭಸಕ್ಕೆ ಬಡಿದು ಬೆರಳು ಜಜ್ಜಬಹುದು. ಬಾಲ್ಕನಿಯ ಕುರ್ಚಿ ಕಟಕಟೆಯಿಂದ ದೂರವಿರಲಿ, ಮಕ್ಕಳನ್ನು ಅಲ್ಲಿ ಒಂಟಿಯಾಗಿ ಬಿಡಬೇಡಿ. ಕಾಫಿ ಕಾಯಿಸುವ ವಿದ್ಯುತ್ ಕೆಟಲ್ ಒಯ್ಯಲು ಬಹುತೇಕ ಹಡಗುಗಳು ಬಿಡುವುದಿಲ್ಲ. ಸಸ್ಯಾಹಾರಿಗಳು ಕಾದಿರಿಸುವಾಗಲೇ ತಿಳಿಸಿದರೆ ಒಳ್ಳೆಯದು. ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಹಡಗುಗಳಲ್ಲೂ ಕೋಣೆ ಆರಿಸುವ ಕ್ರಮ ಇದೇ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಓಣಿಯಲ್ಲಿ ಇಡಬೇಕು. ಅಂದು ಸಂಜೆ ಕೋಣೆ ನೋಡಿಕೊಳ್ಳುತ್ತಿದ್ದ ಹುಡುಗ ಬಂದು ತಡಿಕೆ ಮುಚ್ಚಿ ಬೀಗ ಹಾಕಲೇ ಎಂದು ಕೇಳಿದ. ಬೆಳಿಗ್ಗೆಯವರೆಗೆ ಇರಲಿ ಎಂದಳು ಮಗಳು.