ಬೆಟ್ಟ ಹತ್ತುವ ಮುಂಚೆ ಮಂಡಿಯನ್ನು ಕೇಳಿ

ನಮ್ಮ ರಾಮನಗರದಲ್ಲಿ ಯಾವ ದಿಕ್ಕಿಗೆ ಕಣ್ಣು ಹಾಯಿಸಿದರೂ ಒಂದು ಬಂಡೆ, ಒಂದು ಬೆಟ್ಟ. ಹುಟ್ಟಿದಾಗಿನಿಂದ ಅವನ್ನೇ ನೋಡಿಕೊಂಡು ಬೆಳೆದವರಿಗೆ ಬೆಟ್ಟ ಹತ್ತುವುದೇನು ಮಹಾ ಕೆಲಸ ಎನಿಸುತ್ತದೆ. ನನಗೂ ಹಾಗೆಯೇ ಅನಿಸಿತ್ತು. ಆ ಭ್ರಮೆ ಹೋದದ್ದು ಹೇಗೆ ಎಂದು ಹೇಳುವುದಕ್ಕೇ ಈ ಬರಹ.

ನಮ್ಮ ಬಡಾವಣೆಯ ಮಹಿಳಾ ಮಂಡಳಿಯಿಂದ ವರ್ಷಕ್ಕೊಂದು ಸಲ ಬಸ್ಸು ಮಾಡಿಕೊಂಡು ಪ್ರವಾಸ ಹೋಗುವ ಪದ್ಧತಿ. ಹೆಸರು ಬರೆದುಕೊಳ್ಳುವುದು, ದುಡ್ಡು ವಸೂಲಿ ಮಾಡುವುದು ನನ್ನ ಪಾಲಿನ ಕೆಲಸ. ಎರಡು ವರ್ಷದ ಹಿಂದೆ ಮಾಗಡಿ ಕಡೆ ಹೋಗಿದ್ದೆವು. ತಿರುಮಲೆಯ ರಂಗನಾಥಸ್ವಾಮಿ ದರ್ಶನ ಮುಗಿಸಿ, ಸಾವನದುರ್ಗಕ್ಕೆ ಬಂದು ವೀರಭದ್ರಸ್ವಾಮಿಗೂ ನರಸಿಂಹಸ್ವಾಮಿಗೂ ಕೈಮುಗಿದೆವು. ದೇವಸ್ಥಾನಗಳು ಬುಡದಲ್ಲೇ ಇವೆ, ಯಾರಿಗೂ ತೊಂದರೆಯಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಸ್ವಲ್ಪ ದೂರ ಹತ್ತಿ ಬರೋಣ" ಎಂದರು ಹುಡುಗಿಯರು. ಸಾವನದುರ್ಗ ಅಂದರೆ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ದೊಡ್ಡ ಏಕಶಿಲೆ. ನುಣ್ಣನೆಯ ಇಳಿಜಾರು ಬಂಡೆಯ ಮೇಲೆ ಕಾಲಿನ ಹಿಡಿತ ನಂಬಿಕೊಂಡು ಹತ್ತಬೇಕು.

ನಮ್ಮ ಎದುರುಮನೆಯಾಕೆಯೂ ಹತ್ತಿದಳು. ವಯಸ್ಸು 48. ಅರ್ಧ ಗಂಟೆಯಾಗಿರಬಹುದು, "ಕಣ್ಣು ಕತ್ತಲೆ ಬರ್ತಿದೆ ಕಣ್ರೀ" ಎಂದು ಬಂಡೆಯ ಮೇಲೆ ಕುಸಿದುಬಿಟ್ಟಳು. ಮೈಯೆಲ್ಲಾ ತಣ್ಣನೆ ಬೆವರು. ನಮ್ಮ ಕೈಕಾಲೇ ಆಡಲಿಲ್ಲ. ಯಾರದೋ ಚೀಲದಲ್ಲಿದ್ದ ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿಸಿ, ಆಚೆ ಈಚೆ ಹಿಡಿದು ಇಳಿಸುವಷ್ಟರಲ್ಲಿ ಎರಡು ಗಂಟೆ ಹೋಯಿತು. ಆಮೇಲೆ ತಿಳಿಯಿತು, ಆಕೆಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದ್ದಾಳೆ, ದರ್ಶನವಾಗುವವರೆಗೆ ತಿನ್ನಬಾರದು ಎಂದು ತಿಂಡಿ ಬಿಟ್ಟಿದ್ದಾಳೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಇಳಿದುಹೋಗುತ್ತದೆ. "ಯಾಕಮ್ಮಾ ಮೊದಲೇ ಹೇಳಲಿಲ್ಲ?" ಎಂದರೆ, "ನನ್ನಿಂದ ಎಲ್ಲರ ಸಂತೋಷ ಯಾಕೆ ಹಾಳು ಅಂತ ಸುಮ್ಮನಿದ್ದೆ" ಎಂದಳು. ನೀವೇ ಹೇಳಿ, ನಮ್ಮಲ್ಲಿ ಈ ಮಾತನ್ನು ಆಡದ ಹೆಂಗಸು ಯಾರಿದ್ದಾರೆ?

ಮುಂದಿನ ಸಭೆಯಲ್ಲಿ ಮಂಡಳಿಯವರು ಒಂದು ತೀರ್ಮಾನ ಮಾಡಿದರು. ಅರವತ್ತು ದಾಟಿದವರನ್ನು ಬೆಟ್ಟದ ಪ್ರವಾಸಕ್ಕೆ ಕರೆದುಕೊಂಡು ಹೋಗುವುದು ಬೇಡ! ಕುಸಿದಾಕೆಗೆ 48, ನಿಯಮ ಮಾಡಿದ್ದು ಅರವತ್ತರವರಿಗೆ. ಆಗ ಅದು ನನಗೂ ಹೊಳೆಯಲಿಲ್ಲ. ತಲೆಯಾಡಿಸಿ ಪುಸ್ತಕದಲ್ಲಿ ಬರೆದುಕೊಂಡು ಬಂದೆ.

ಕಳೆದ ವರ್ಷ ಶ್ರವಣಬೆಳಗೊಳಕ್ಕೆ ಹೋಗುವುದೆಂದು ಗೊತ್ತಾಯಿತು. ನಮ್ಮ ಅತ್ತೆಗೆ 68 ವರ್ಷ. 2018ರಲ್ಲಿ ಮಹಾಮಸ್ತಕಾಭಿಷೇಕವನ್ನು ಟಿ.ವಿ.ಯಲ್ಲಿ ನೋಡಿದಾಗಿನಿಂದ ಗೊಮ್ಮಟನನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ಅವರಿಗೆ. ಅದು ಗೊತ್ತಿದ್ದೂ ನಾನು ಅವರ ಹೆಸರು ಬರೆಯಲಿಲ್ಲ. ಅವರ ಒಳ್ಳೆಯದಕ್ಕೇ ಎಂದುಕೊಂಡೆ. ಒಂದು ಸಂಜೆ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದವರು ತಲೆ ಎತ್ತದೆಯೇ ಕೇಳಿದರು:

"ಬೆಳಗೊಳಕ್ಕೆ ನನ್ ಹೆಸ್ರು ಬರ್ಕೊಂಡಿಲ್ವಂತಲ್ಲವ್ವ?"

"ನಿಮ್ಮ ಕೈಲಿ ಹತ್ತೋಕಾಗಲ್ಲ ಅತ್ತೆ. ಆರುನೂರಕ್ಕಿಂತ ಜಾಸ್ತಿ ಮೆಟ್ಟಿಲಿದೆ."

"ಆಗಲ್ಲ ಅಂತ ನಿಂಗೆ ಯಾರೇಳುದ್ರು? ನನ್ನ ಒಂದ್ ಮಾತು ಕೇಳುದ್ಯಾ?"

ಅಷ್ಟೇ. ಮುಂದೆ ಮಾತಿಲ್ಲ. ಆದರೆ ಆ ರಾತ್ರಿ ಊಟ ಮಾಡುವಾಗಲೂ ಅವರು ನನ್ನ ಮುಖ ನೋಡಲಿಲ್ಲ. ನನಗೂ ನಿದ್ದೆ ಬರಲಿಲ್ಲ. ಇಪ್ಪತ್ತನಾಲ್ಕು ವರ್ಷ ಒಂದೇ ಒಲೆಯ ಮುಂದೆ ಕೂತವರು. ಅವರ ಕೈಲಿ ಏನಾಗುತ್ತದೆ, ಏನಾಗುವುದಿಲ್ಲ ಎಂದು ಅವರನ್ನೇ ಕೇಳಬೇಕು ಎಂದು ನನಗೇಕೆ ತೋಚಲಿಲ್ಲ?

ಮರುದಿನ ನನ್ನ ತಂಗಿಯ ಮಗಳು ಅಮೆರಿಕದಿಂದ ಫೋನು ಮಾಡಿದ್ದಳು. ಅವಳು ಅತ್ತೆಮಾವನನ್ನು ದೊಡ್ಡ ಹಡಗಿನಲ್ಲಿ ಪ್ರವಾಸ ಕರೆದುಕೊಂಡು ಹೋಗಿದ್ದವಳು. ಹಡಗು ಒಂದೊಂದು ಬಂದರಿನಲ್ಲಿ ನಿಂತಾಗ ಇಳಿದು ಊರು ನೋಡಬಹುದಂತೆ. ಆದರೆ ಮುಂಚೆಯೇ ಒಂದು ಪಟ್ಟಿ ಕೊಡುತ್ತಾರೆ. ಇದು ಸುಲಭ, ಇದು ಮಧ್ಯಮ, ಇದು ಕಷ್ಟ ಎಂದು ಗುರುತು ಹಾಕಿ, ಎಷ್ಟು ನಡೆಯಬೇಕು, ಮೆಟ್ಟಿಲಿದೆಯೇ, ನೆಲ ಏರುಪೇರೇ ಎಂದೆಲ್ಲ ಬರೆದಿರುತ್ತಾರಂತೆ. ನೋಡಿಕೊಂಡು ಅವರವರೇ ತೀರ್ಮಾನ ಮಾಡಬೇಕು. "ಅದರಲ್ಲೂ ಸುಲಭ ಅಂತ ಬರೆದಿದ್ದೇ ನಮ್ಮ ಮಾವನಿಗೆ ಕಷ್ಟ ಆಯ್ತು ದೊಡ್ಡಮ್ಮ, ಬರೀ ಗುರುತು ನೋಡಿದ್ರೆ ಸಾಲದು" ಎಂದಳು. ನಾನು ನಮ್ಮ ಮಂಡಳಿಯ ಚೀಟಿ ತೆಗೆದು ನೋಡಿದೆ. ಬಸ್ಸು ಹೊರಡುವ ಹೊತ್ತು, ತಲೆಗೆ ಎಷ್ಟು ರೂಪಾಯಿ, ಬೆಳಗಿನ ತಿಂಡಿ ಇಡ್ಲಿ, ಮಧ್ಯಾಹ್ನ ಚಿತ್ರಾನ್ನ, ಮೊಸರನ್ನ. ಮೆಟ್ಟಿಲಿನ ಮಾತೇ ಇಲ್ಲ!

ಆಗ ಲೆಕ್ಕ ಹಾಕಿದೆ. ನಮ್ಮ ಮನೆಯ ಮಹಡಿಗೆ 18 ಮೆಟ್ಟಿಲು. ಬೆಳಗೊಳದ ವಿಂಧ್ಯಗಿರಿ ಹತ್ತುವುದೆಂದರೆ ಆ ಮಹಡಿಯನ್ನು ಒಂದೇ ಸಮನೆ ಸುಮಾರು 35 ಸಲ ಹತ್ತಿದಂತೆ. ಚಪ್ಪಲಿ ಕೆಳಗೇ ಬಿಡಬೇಕು. ಬಂಡೆಯಲ್ಲಿ ಕಡಿದ ಮೆಟ್ಟಿಲು, ಎತ್ತರ ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ. ಹಿಡಿದುಕೊಳ್ಳಲು ಕಂಬಿ ಇದೆ. ಬಿಸಿಲೇರಿದರೆ ಬಂಡೆ ಕಾಯುತ್ತದೆ.

ಅತ್ತೆಯನ್ನು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತದೊತ್ತಡ ನೋಡಿದರು, ಎದೆ ಬಡಿತ ನೋಡಿದರು. ನಡೆಯುವಾಗ ಎದೆ ಹಿಡಿದಂತಾಗುತ್ತದೆಯೇ, ಉಸಿರು ಕಟ್ಟುತ್ತದೆಯೇ, ತಲೆ ಸುತ್ತುತ್ತದೆಯೇ ಎಂದು ಕೇಳಿದರು. ಯಾವುದೂ ಇಲ್ಲ. "ಮೊದಲು ಒಂದು ಸಣ್ಣ ಬೆಟ್ಟ ಹತ್ತಿ ನೋಡಿ. ಮಾತಾಡಿಕೊಂಡು ಹತ್ತೋಕಾಗಬೇಕು. ಮಾತು ನಿಂತರೆ ನೀವೂ ನಿಲ್ಲಿ" ಎಂದರು.

ಸಣ್ಣ ಬೆಟ್ಟಕ್ಕೆ ನಮಗೇನು ಬರ? ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಅತ್ತೆ, ನಾನು ಇಬ್ಬರೇ ರಾಮದೇವರ ಬೆಟ್ಟಕ್ಕೆ ಹೋದೆವು. 'ಶೋಲೆ' ಸಿನಿಮಾ ತೆಗೆದ ಬಂಡೆಗಳ ಸೀಮೆ. 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಣೆಯಾದ ಜಾಗ. ಅಲ್ಲಿ ಮುನ್ನೂರು ನಾನೂರು ಮೆಟ್ಟಿಲು ಹತ್ತಬೇಕು, ಅಂದರೆ ಬೆಳಗೊಳದ ಅರ್ಧಕ್ಕಿಂತ ಮೇಲೆ. ನಾನು ಬಾಟಲಿ ನೀರು, ಗ್ಲೂಕೋಸು, ಬೆಲ್ಲ, ಮುಲಾಮು ಎಲ್ಲಾ ಹಿಡಿದುಕೊಂಡು ಅತ್ತೆಯ ಬೆನ್ನಿಗೇ ಇದ್ದೆ, ಬಿದ್ದರೆ ಹಿಡಿಯೋಣವೆಂದು.

ಅವರು ಬೀಳಲಿಲ್ಲ. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ತಮ್ಮ ಊರಿನ ಜಾತ್ರೆಯ ಕಥೆ ಹೇಳಿಕೊಂಡು ಹತ್ತಿದರು. ಮೂವತ್ತು ವರ್ಷ ರೇಷ್ಮೆ ಹುಳು ಸಾಕಿ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಕಾಲು. ಈಗಲೂ ಹಪ್ಪಳ ಒಣಗಿಸುವುದಕ್ಕೆ, ಬಟ್ಟೆ ತರುವುದಕ್ಕೆ ದಿನಕ್ಕೆ ನಾಲ್ಕು ಸಲ ಮಹಡಿ ಹತ್ತುವವರು ಅವರೇ. ಮಾತು ನಿಂತದ್ದು ನನ್ನದು. "ಹ್ಞೂ" ಎನ್ನುವುದಕ್ಕೂ ನನಗೆ ಉಸಿರಿರಲಿಲ್ಲ.

ನಿಜವಾದ ಪರೀಕ್ಷೆ ಇಳಿಯುವಾಗ. ಹತ್ತುವಾಗ ದಣಿಯುವುದು ಎದೆ, ಇಳಿಯುವಾಗ ನೋಯುವುದು ಮಂಡಿ. ಪ್ರತಿ ಮೆಟ್ಟಿಲು ಇಳಿದಾಗಲೂ ದೇಹದ ಭಾರದ ಕೆಲವು ಪಟ್ಟು ಹೊರೆ ಮಂಡಿಯ ಮೇಲೆ ಬೀಳುತ್ತದೆ. ನೂರು ಮೆಟ್ಟಿಲು ಇಳಿದಿರಬಹುದು, ನನ್ನ ಬಲಮಂಡಿ ಕಳಕ್ಕೆಂದು ಮಡಿಚಿಕೊಂಡಿತು. ಕಂಬಿ ಹಿಡಿಯದಿದ್ದರೆ ಉರುಳುತ್ತಿದ್ದೆ. ಅಲ್ಲೇ ಕೂತುಬಿಟ್ಟೆ. ನೆಲದಿಂದ ಏಳುವಾಗ ಗೋಡೆ ಹಿಡಿಯಬೇಕಾಗಿ ಎಷ್ಟು ದಿನವಾಗಿತ್ತು! ರಾತ್ರಿ ಮಂಡಿಗೆ ಎಣ್ಣೆ ತಿಕ್ಕಿಕೊಂಡು, ಕೆಲಸ ಜಾಸ್ತಿಯಾಯಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅತ್ತೆ ಎರಡು ಮೆಟ್ಟಿಲು ವಾಪಸು ಹತ್ತಿ ಬಂದು ಪಕ್ಕದಲ್ಲಿ ಕೂತರು. ನನ್ನ ಮಂಡಿಯ ಮೇಲೆ ಕೈಯಿಟ್ಟು, "ನನ್ ವಯಸ್ಸು ನೋಡ್ದೆ. ನಿನ್ ಮಂಡಿ ನೋಡ್ಕೊಳ್ಳಲಿಲ್ಲ" ಎಂದರು. ಬೈದದ್ದಲ್ಲ. ಆದರೂ ನನಗೆ ಅಳು ಬಂತು.

ಬೆಳಗೊಳಕ್ಕೆ ಇಬ್ಬರೂ ಹೋದೆವು. ಈ ಸಲ ನಾನೇ ಪಟ್ಟಿ ಮಾಡಿ ಎಲ್ಲರ ಮನೆಗೂ ಮುಟ್ಟಿಸಿದ್ದೆ. ನೀವೂ ಎಲ್ಲಿಗಾದರೂ ಹೊರಡುವ ಮುಂಚೆ ಬಸ್ಸು ಮಾಡುವವರನ್ನು ಇಷ್ಟು ಕೇಳಿ:

1. ಮೆಟ್ಟಿಲೆಷ್ಟು? ಅದನ್ನು ನಿಮ್ಮ ಮನೆಯ ಮಹಡಿಯ ಲೆಕ್ಕಕ್ಕೆ ತಂದು ನೋಡಿ. ಮಹಡಿಯಿಲ್ಲದವರು ಊರಿನ ಯಾವುದಾದರೂ ಗುಡ್ಡ ಹತ್ತಿ ನೋಡಿ. ಹತ್ತಿದ್ದಷ್ಟೇ ಅಲ್ಲ, ಇಳಿದ ಮರುದಿನ ಕಾಲು ಹೇಗಿದೆ ಎಂಬುದೂ ಲೆಕ್ಕಕ್ಕೆ ಬರಬೇಕು.

2. ಬರಿಗಾಲೇ, ಚಪ್ಪಲಿಯೇ? ಹಿಡಿಯಲು ಕಂಬಿ ಇದೆಯೇ? ಎಷ್ಟು ಹೊತ್ತಿಗೆ ಅಲ್ಲಿರುತ್ತೇವೆ?

3. ಬೇರೆ ದಾರಿ ಇದೆಯೇ? ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲಿದ್ದರೂ ಬಸ್ಸು ಮೇಲಕ್ಕೇ ಹೋಗುತ್ತದೆ. ಬೆಳಗೊಳದಲ್ಲಿ ಡೋಲಿಯವರು ಸಿಗುತ್ತಾರೆ.

4. ನಡುವೆ ಏನಿದೆ? ಕನಕಪುರದ ಕಡೆ ಮೇಕೆದಾಟು ನೋಡಲು ಹೊರಟರೆ ಸಂಗಮದಲ್ಲಿ ಹೊಳೆ ದಾಟಬೇಕು. ತೆಪ್ಪಕ್ಕೆ ಹತ್ತುವಾಗ, ಇಳಿಯುವಾಗ ಕಾಲು ಎತ್ತಿಡಬೇಕು, ಅದು ಅಲ್ಲಾಡುತ್ತಿರುತ್ತದೆ. ಆಮೇಲೆ ಬಂಡೆಗಳ ಮೇಲೆ ನಡಿಗೆ. ಫೋಟೋದಲ್ಲಿ ಇದೊಂದೂ ಕಾಣುವುದಿಲ್ಲ.

5. ಹತ್ತದವರು ಎಲ್ಲಿರಬೇಕು? ನೆರಳು, ಕುಡಿಯುವ ನೀರು, ಶೌಚಾಲಯ ಇದೆಯೇ? ನೋಡಲು ಬೇರೇನಿದೆ?

ಇವೆಲ್ಲ ಬೇರೆಯವರನ್ನು ಕೇಳುವ ಪ್ರಶ್ನೆಗಳು. ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ್ದು ಒಂದೇ: ಇದು ನನ್ನ ಕೈಲಿ ಆಗುತ್ತದೆ ಎನ್ನುತ್ತಿರುವುದು ನನ್ನ ದೇಹವೋ, ನನ್ನ ಜಂಭವೋ? ಆಗುವುದಿಲ್ಲ ಎನ್ನುತ್ತಿರುವುದು ನನ್ನ ದೇಹವೋ, ಮನೆಯವರ ಹೆದರಿಕೆಯೋ? ನಾನು ಅಂತೂ ಎರಡರಲ್ಲೂ ಸೋತವಳು.

ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಬಿಸಿಲೇರುವ ಮುಂಚೆ ತಲುಪಿದೆವು. ಅತ್ತೆಗೆ ಡೋಲಿ ಮಾಡೋಣವೆಂದೆ. "ನಾಲ್ಕ್ ಜನ ಹೊರೋದು ಒಂದೇ ಸಲ ಸಾಕು ಕಣವ್ವ, ಅದು ಈಗ್ಲೇ ಬ್ಯಾಡ" ಎಂದು ಎಲ್ಲರನ್ನೂ ನಗಿಸಿದರು. ಅವರ ಜೊತೆಗೆ ನಿಂತವಳು ಯಾರು ಗೊತ್ತೇ? ಸಾವನದುರ್ಗದಲ್ಲಿ ಕುಸಿದಿದ್ದ ಎದುರುಮನೆಯಾಕೆ. ಈ ಸಲ ಮಾತ್ರೆಯ ಜೊತೆ ನಾಲ್ಕು ಇಡ್ಲಿ ತಿಂದು, ಸೆರಗಿನ ತುದಿಗೆ ಬೆಲ್ಲ ಕಟ್ಟಿಕೊಂಡು, ನನಗೆ ತೋರಿಸಿಯೇ ಹೊರಟಳು.

ನಾನು ಕೆಳಗೇ ಉಳಿದೆ. ಎಲ್ಲರೂ ಹತ್ತುವಾಗ ನಿಂತು ನೋಡುವುದು ಸುಲಭವಲ್ಲ, ಸುಳ್ಳೇಕೆ ಹೇಳಲಿ? ಆದರೆ ಬೆಳಗೊಳವೆಂದರೆ ಬೆಟ್ಟದ ಮೇಲಿರುವುದೊಂದೇ ಅಲ್ಲ. ಊರೊಳಗೇ 1159ರಲ್ಲಿ ಹುಳ್ಳ ಎಂಬ ಭಂಡಾರಿ ಕಟ್ಟಿಸಿದ ಭಂಡಾರಿ ಬಸದಿ ಇದೆ. ಅಲ್ಲಿ ಇಪ್ಪತ್ನಾಲ್ಕು ತೀರ್ಥಂಕರರು ಸಾಲಾಗಿ ನಿಂತಿದ್ದಾರೆ. ಅಲ್ಲಿಂದ ಅಕ್ಕನ ಬಸದಿಗೆ ಹೋದೆ. ಇದು 1181ರಲ್ಲಿ ಆಚಿಯಕ್ಕ ಎಂಬ ಹೆಣ್ಣುಮಗಳು ಕಟ್ಟಿಸಿದ್ದು, ಅದಕ್ಕೇ ಆ ಹೆಸರು. ತಣ್ಣನೆಯ ಕಂಬದ ಪಕ್ಕ ಯಾರ ಗಡಿಬಿಡಿಯೂ ಇಲ್ಲದೆ ಕೂತಿದ್ದೆ. ಮೇಲೆ ಹೋದವರಲ್ಲಿ ಎಷ್ಟೋ ಜನ ಇವನ್ನು ನೋಡಲೇ ಇಲ್ಲ.

ಹತ್ತು ಗಂಟೆಯ ಹೊತ್ತಿಗೆ ಅತ್ತೆ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರಿ ಇಳಿದು ಬಂದರು. ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. 58 ಅಡಿಯ ಗೊಮ್ಮಟನ ವಿಷಯ ಹೇಳುತ್ತಾರೆಂದುಕೊಂಡರೆ, ಹೇಳಿದ್ದು ಗುಳ್ಳಕಾಯಜ್ಜಿಯ ವಿಷಯ. ನಿಮಗೆ ಕಥೆ ಗೊತ್ತಿರಬಹುದು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಗೊಮ್ಮಟನ ಮೈ ಪೂರ್ತಿ ನೆನೆಯಲಿಲ್ಲ, ಒಬ್ಬ ಮುದುಕಿ ಗುಳ್ಳಕಾಯಿಯಷ್ಟು ಹಾಲು ತಂದು ಎರೆದಾಗ ಅಡಿಯವರೆಗೂ ಹರಿಯಿತಂತೆ. ಆ ಅಜ್ಜಿಯ ವಿಗ್ರಹ ಗೊಮ್ಮಟನ ಎದುರಿಗೇ ನಿಂತಿದೆ.

"ಅವ್ಳೂ ನನ್ ವಾರಗೆಯವ್ಳೇ ಇರ್ಬೇಕು. ಅವ್ಳನ್ನ ಕೆಳಗೇ ಇರು ಅಂತ ಯಾರೂ ಅನ್ನಲಿಲ್ವಲ್ಲ" ಎಂದು ನಕ್ಕರು. ನಾನೂ ನಕ್ಕೆ. ಆ ನಗುವಿನಲ್ಲಿ ನನ್ನ ತಪ್ಪೊಂದು ತೀರಿತು ಎನಿಸಿತು.

ಈಗ ಮಂಡಳಿಯ ಪುಸ್ತಕದಲ್ಲಿ ಅರವತ್ತರ ನಿಯಮವಿಲ್ಲ. ಹೆಸರು ಬರೆದುಕೊಳ್ಳಲು ಹೋದಾಗ ನಾನು ವಯಸ್ಸು ಕೇಳುವುದಿಲ್ಲ. ಮೆಟ್ಟಿಲು ಇಷ್ಟಿವೆ, ಕೆಳಗೆ ಇಂಥ ಜಾಗ ಇದೆ, ನೀವು ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ನನ್ನ ಮಂಡಿಯನ್ನು ಡಾಕ್ಟರಿಗೆ ತೋರಿಸಿ, ಅವರು ಹೇಳಿಕೊಟ್ಟ ವ್ಯಾಯಾಮ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಮಾಡುತ್ತಿದ್ದೇನೆ. ಈಗ ಬಟ್ಟೆ ತರಲು ಮಹಡಿ ಹತ್ತುವ ಕೆಲಸದಲ್ಲಿ ಎರಡು ಸಲ ಅತ್ತೆಯದು, ಎರಡು ಸಲ ನನ್ನದು. ಮುಂದಿನ ಸಲ ಬೆಳಗೊಳಕ್ಕೆ ಹೋದಾಗ ಎದುರಿನ ಚಿಕ್ಕ ಬೆಟ್ಟ ಚಂದ್ರಗಿರಿಯನ್ನಾದರೂ ಹತ್ತಬೇಕೆಂದಿದ್ದೇನೆ. ಹತ್ತಲೋ ಬೇಡವೋ ಎಂದು ಹೊರಡುವ ಮುಂಚೆ ಮಂಡಿಯನ್ನು ಒಂದು ಮಾತು ಕೇಳಿಯೇ ಹೋಗುತ್ತೇನೆ.