ಎಷ್ಟು ಪರ್ಸೆಂಟ್?

ದುಬೈಯ ಒಂದು ವಿಮಾ ಕಂಪನಿಯಲ್ಲಿ ನಾನು ಇಪ್ಪತ್ತೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಸಾವಿರ ಕಾರುಗಳಲ್ಲಿ ವರ್ಷಕ್ಕೆ ಎಷ್ಟು ಡಿಕ್ಕಿಯಾಗುತ್ತವೆ, ಐವತ್ತು ದಾಟಿದ ಸಾವಿರ ಜನರಲ್ಲಿ ಎಷ್ಟು ಮಂದಿ ಆಸ್ಪತ್ರೆ ಸೇರುತ್ತಾರೆ, ಇಂಥ ಲೆಕ್ಕಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಹಾಗಾಗಿ ಸಂಘದ ಸ್ನೇಹಿತರು ನನ್ನನ್ನು ತಮಾಷೆಗೆ ‘ಪರ್ಸೆಂಟ್ ಭಟ್ರು’ ಎಂದು ಕರೆಯುವುದುಂಟು. ಆ ಹೆಸರು ಕೇಳಿದರೆ ಈಗ ಮೊದಲಿನಷ್ಟು ನಗು ಬರುವುದಿಲ್ಲ. ಕಾರಣ ಹೇಳುತ್ತೇನೆ.

ಕಳೆದ ಆಗಸ್ಟಿನ ಒಂದು ರಾತ್ರಿ, ಹನ್ನೊಂದೂವರೆಗೆ ಭಾವನ ಫೋನ್ ಬಂತು. ಅಕ್ಕ, ಭಾವ ನ್ಯೂಜಿಲೆಂಡಿನ ಪುಕೆಕೊಹೆಯಲ್ಲಿದ್ದಾರೆ. ಅದು ಆಕ್ಲೆಂಡಿನಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದ ಊರು. ಈರುಳ್ಳಿ, ಬಟಾಟೆಗೆ ಹೆಸರಾದ ಕೆಂಪು ಮಣ್ಣು. ಗುಜರಾತ್, ಪಂಜಾಬ್ ಕಡೆಯವರು ನೂರು ವರ್ಷದ ಹಿಂದೆಯೇ ಹೋಗಿ ತರಕಾರಿ ಬೆಳೆದ ನೆಲ. ಭಾವನಿಗೆ ಈರುಳ್ಳಿ ಪ್ಯಾಕಿಂಗ್ ಶೆಡ್ಡಿನಲ್ಲಿ ಕೆಲಸ, ಅಕ್ಕನಿಗೆ ವೃದ್ಧಾಶ್ರಮದಲ್ಲಿ.

ಅಲ್ಲಿ ಆಗ ಬೆಳಿಗ್ಗೆ ಏಳೂವರೆ. ಅಕ್ಕ ನೀರುದೋಸೆಗೆ ಕಾವಲಿ ಇಟ್ಟವಳು, “ತಲೆಗೆ ಯಾರೋ ಹೊಡೆದ ಹಾಗಾಯ್ತು” ಎಂದು ಕುಸಿದಳಂತೆ. ಒಮ್ಮೆ ವಾಂತಿ, ಆಮೇಲೆ ಮಾತಿಲ್ಲ. ಭಾವ 111ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವ ಮೊದಲೇ ನನಗೂ ಮಾಡಿದ್ದರು. “ಎಂತ ಮಾಡುವುದು ಮಾರಾಯ?” ಎಂದು ಕೇಳಿದರು. ಎಂಟು ಸಾವಿರ ಮೈಲಿ ಆಚೆ ಇರುವವನು ಏನು ಹೇಳಲಿ?

ಮಧ್ಯಾಹ್ನದ ಹೊತ್ತಿಗೆ ಸಂಗತಿ ತಿಳಿಯಿತು. ಮೆದುಳಿನ ರಕ್ತನಾಳದ ಗೋಡೆ ಒಂದು ಕಡೆ ತೆಳ್ಳಗಾಗಿ, ಸೈಕಲ್ ಟ್ಯೂಬ್ ಉಬ್ಬಿದಂತೆ ಉಬ್ಬಿತ್ತು. ಆ ಉಬ್ಬು ಒಡೆದು ಮೆದುಳಿನ ಸುತ್ತ ರಕ್ತ ಹರಡಿತ್ತು. ಉಬ್ಬಿಗೆ ಅನ್ಯೂರಿಸಂ ಎಂದು ಹೆಸರು. ಡಾಕ್ಟರು ಅಕ್ಕನಿಗೆ ‘ಗ್ರೇಡ್ ನಾಲ್ಕು’ ಎಂದಿದ್ದಾರೆ, ಅದು ಒಳ್ಳೆಯದೋ ಕೆಟ್ಟದ್ದೋ ನೋಡಿ ಹೇಳು ಎಂದು ಭಾವ ಕೇಳಿದರು.

ನೋಡಿದೆ. ಕಣ್ಣು ತೆರೆಯುವುದಕ್ಕೆ, ಮಾತಾಡುವುದಕ್ಕೆ, ಕೈಕಾಲು ಆಡಿಸುವುದಕ್ಕೆ ಅಂಕ ಕೊಡುವ ಗ್ಲಾಸ್ಗೋ ಕೋಮಾ ಸ್ಕೇಲ್ 1974ರಲ್ಲಿ ಬಂದದ್ದು. ಪೂರ್ತಿ ಎಚ್ಚರವಿದ್ದರೆ 15, ಏನೂ ಇಲ್ಲದಿದ್ದರೆ 3. ಅದರ ಮೇಲೆ ಜಗತ್ತಿನ ನರಶಸ್ತ್ರಚಿಕಿತ್ಸಕರ ಒಕ್ಕೂಟ 1988ರಲ್ಲಿ ಐದು ಗ್ರೇಡ್ ಮಾಡಿತು. ಅಂಕ 7ರಿಂದ 12ರೊಳಗಿದ್ದರೆ ಗ್ರೇಡ್ ನಾಲ್ಕು. ಅಕ್ಕನಿಗೆ 7 ಸಿಕ್ಕಿತ್ತು. ಇನ್ನೊಂದು ಅಂಕ ಇಳಿದಿದ್ದರೆ ಐದು, ಅಂದರೆ ಕೊನೆಯ ಮೆಟ್ಟಿಲು.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಆಕ್ಲೆಂಡಿನದೇ ಲೆಕ್ಕ ಸಿಗುತ್ತದೋ ಎಂದು ಹುಡುಕಿದೆ, ಸಿಕ್ಕಿತು. 1995ರಿಂದ 1998ರ ನಡುವೆ ಆಕ್ಲೆಂಡ್ ಮತ್ತು ಆಸ್ಟ್ರೇಲಿಯಾದ ಅಡಿಲೇಡ್, ಹೋಬಾರ್ಟ್, ಪರ್ತ್ ನಗರಗಳಲ್ಲಿ ಇಂಥ 436 ರಕ್ತಸ್ರಾವಗಳನ್ನು ದಾಖಲಿಸಿದ್ದರು. 28 ದಿನಗಳೊಳಗೆ ತೀರಿಕೊಂಡವರು ನೂರಕ್ಕೆ 39. ಎರಡನೆಯ ರಾತ್ರಿ ಭಾವ ಮತ್ತೆ ಕೇಳಿದಾಗ, ಮನಸ್ಸು ಗಟ್ಟಿ ಮಾಡಿಕೊಳ್ಳಲಿ ಎಂಬ ಒಳ್ಳೆಯ ಉದ್ದೇಶದಿಂದಲೇ, ಆಫೀಸಿನ ದನಿಯಲ್ಲಿ ಹೇಳಿಬಿಟ್ಟೆ: “ಭಾವಾ, ನೂರಕ್ಕೆ ಮೂವತ್ತೊಂಬತ್ತು. ಗ್ರೇಡ್ ನಾಲ್ಕಾದ ಕಾರಣ ಇನ್ನೂ ಜಾಸ್ತಿ ಇರಬಹುದು.”

ಆ ಕಡೆಯಿಂದ ಶಬ್ದವಿಲ್ಲ. ಆಮೇಲೆ ಫೋನ್ ಕಟ್ಟಾಯಿತು. ಮುಂದಿನ ಹನ್ನೊಂದು ದಿನ ಭಾವ ನನ್ನ ಕರೆ ಎತ್ತಲಿಲ್ಲ. ಸೋದರ ಸೊಸೆ ಮೆಸೇಜ್ ಹಾಕುತ್ತಿದ್ದಳು, ಅಷ್ಟೇ.

ಪುತ್ತೂರಿನ ಮನೆಯಲ್ಲಿ ಅಮ್ಮನಿಗೆ ‘ತಲೆನೋವು, ಆಸ್ಪತ್ರೆಯಲ್ಲಿದ್ದಾಳೆ’ ಎಂದಷ್ಟೇ ಹೇಳಿದ್ದೆವು. ಅಮ್ಮ ನಂಬಲಿಲ್ಲ. ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಬಂದಳು. “ಗಂಡಾಂತರ ಉಂಟು, ದಾಟುತ್ತದೆ, ಆದರೆ ನಿಧಾನ ಎಂದಿದ್ದಾರೆ ಮಗಾ” ಎಂದು ಫೋನಿನಲ್ಲಿ ಹೇಳಿದಳು. ನನಗೆ ಪ್ರಶ್ನೆ, ಕವಡೆಯಲ್ಲಿ ನಂಬಿಕೆಯಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಅಮ್ಮ ಊಟ ಮಾಡಿದಳು. ನನ್ನ ಮಾತು ಕೇಳಿದ ಮೇಲೆ ಭಾವ ಮಾಡಿರಲಿಲ್ಲ.

ಆಸ್ಪತ್ರೆಯ ಕಾಗದ ಇಟ್ಟು ವೀಸಾಕ್ಕೆ ಹಾಕಿ, ಅದು ಬಂದು, ನಾನು ಹದಿನಾರು ಗಂಟೆಯ ವಿಮಾನದಲ್ಲಿ ಆಕ್ಲೆಂಡ್ ತಲುಪುವಾಗ ಇಪ್ಪತ್ತನೆಯ ದಿನ. ಅಷ್ಟರಲ್ಲಿ ಏನೇನಾಗಿತ್ತು ಎಂಬುದನ್ನು ವಾರ್ಡಿನ ಒಬ್ಬರು ಡಾಕ್ಟರು ಕೂರಿಸಿಕೊಂಡು ವಿವರಿಸಿದರು.

ರಕ್ತ ಹರಡಿದಾಗ ಮೆದುಳಿನ ನೀರು ಹರಿಯುವ ದಾರಿ ಕಟ್ಟಿ ಒತ್ತಡ ಏರುವುದುಂಟು. ಅಕ್ಕನಿಗೆ ಆದದ್ದೂ ಅದೇ. ಆ ರಾತ್ರಿಯೇ ತಲೆಯಲ್ಲಿ ಸಣ್ಣ ತೂತು ಮಾಡಿ ನಳಿಕೆಯಿಂದ ನೀರು ತೆಗೆದರು. ಬೆಳಗಾಗುವಾಗ 7 ಇದ್ದ ಅಂಕ 13ಕ್ಕೆ ಏರಿತ್ತು. ಕೈಕಾಲಿನ ಶಕ್ತಿ ಸರಿಯಾಗಿದ್ದ ಕಾರಣ ಗ್ರೇಡ್ ನಾಲ್ಕು ಹೋಗಿ ಎರಡಾಯಿತು. “ಬಾಗಿಲಲ್ಲಿ ಬರೆದ ಗ್ರೇಡಿಗಿಂತ ಮೊದಲ ಉಪಚಾರದ ನಂತರದ ಗ್ರೇಡ್ ಹೆಚ್ಚು ನಿಜ ಹೇಳುತ್ತದೆ” ಎಂದರು ಡಾಕ್ಟರು. ನಾನು ಭಾವನಿಗೆ ಲೆಕ್ಕ ಹೇಳುವಾಗ ನನ್ನ ಕೈಯಲ್ಲಿದ್ದದ್ದು ಹಳೆಯ ಗ್ರೇಡ್!

ಮತ್ತೆ ಒಡೆಯುವ ಭಯ ಮೊದಲ 24 ಗಂಟೆಗಳಲ್ಲೇ ಹೆಚ್ಚಂತೆ. ಆದ್ದರಿಂದ ಮರುದಿನವೇ ತೊಡೆಯ ಸಂದಿನ ರಕ್ತನಾಳದಿಂದ ತಂತಿ ಏರಿಸಿ, ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬಿಸಿದ್ದರು. ತಲೆಬುರುಡೆ ತೆರೆದು ಕ್ಲಿಪ್ ಹಾಕುವುದು ಹಳೆಯ ಕ್ರಮ. ಎರಡೂ ಕ್ರಮ ಸಾಧ್ಯವಿದ್ದ 2143 ರೋಗಿಗಳನ್ನು ಹೋಲಿಸಿದ ಅಧ್ಯಯನ 2002ರಲ್ಲಿ ಬಂದ ಮೇಲೆ ಸುರುಳಿಯ ಬಳಕೆ ಹೆಚ್ಚಿತು.

ಆಮೇಲೆ ಕಾಯುವ ದಿನಗಳು. ನಾಲ್ಕರಿಂದ ಹದಿನಾಲ್ಕನೆಯ ದಿನದವರೆಗೆ, ಸೋರಿದ ರಕ್ತ ತಾಗಿದ ನಾಳಗಳು ಸಂಕುಚಿತಗೊಂಡು ಮೆದುಳಿಗೆ ರಕ್ತ ಕಡಿಮೆಯಾಗಬಹುದು. ಎದ್ದು ಕೂತು ಮಾತಾಡಿದವರೂ ಆಗ ಮತ್ತೆ ಜಾರಬಹುದು. ಏಳನೆಯ ದಿನ ಅಕ್ಕನ ಮಾತು ತೊದಲಿತು, ಬಲಗಾಲು ಬಿದ್ದುಹೋಯಿತು. ರಕ್ತದೊತ್ತಡ ಏರಿಸಿ ಎರಡು ದಿನ ಕಾದರು, ಕಾಲು ಮರಳಿತು. ಇದರ ಹಾನಿ ತಗ್ಗಿಸಲು ನಿಮೋಡಿಪಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ 21 ದಿನ ಕೊಡುತ್ತಾರೆ. ನಾನು ಹೋದ ಮರುದಿನ ಕೊನೆಯ ಮಾತ್ರೆ ಕೊಡುವಾಗ ನರ್ಸ್ ಅಕ್ಕನ ಕೈ ಕುಲುಕಿದರು.

“ಹಾಗಾದರೆ ಮುಂದೇನಾಗುತ್ತದೆ ಎಂದು ಹೇಳಲು ಸಾಧ್ಯವೇ ಇಲ್ಲವೇ?” ಎಂದು ಕೇಳಿದೆ. ಅದಕ್ಕೂ ಲೆಕ್ಕವಿದೆ ಎಂದರು. 10,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯಿಂದ 2018ರಲ್ಲಿ ಒಂದು ಮಾದರಿ ಪ್ರಕಟವಾಗಿದೆ. ವಯಸ್ಸು, ಬಿಪಿ ಇತ್ತೋ ಇಲ್ಲವೋ, ಗ್ರೇಡ್, ಸ್ಕ್ಯಾನಿನಲ್ಲಿ ಕಂಡ ರಕ್ತ, ಉಬ್ಬಿನ ಗಾತ್ರ ಮತ್ತು ಜಾಗ, ಚಿಕಿತ್ಸೆಯ ಬಗೆ, ಇವಿಷ್ಟು ಕೊಟ್ಟರೆ ಮೂರು ತಿಂಗಳ ನಂತರದ ಸ್ಥಿತಿಯ ಅಂದಾಜು ಸಿಗುತ್ತದೆ. “ಆದರೆ ಅದು ನಿಮ್ಮ ಅಕ್ಕನಂಥವರು ನೂರು ಮಂದಿ ಇದ್ದರೆ ಏನಾದೀತು ಎನ್ನುವ ಉತ್ತರ. ನನ್ನೆದುರು ಮಲಗಿರುವುದು ಒಬ್ಬರು. ಅದಕ್ಕೇ ನಾನು ದಿನಾ ಬೆಳಿಗ್ಗೆ ಹೋಗಿ ಮತ್ತೆ ನೋಡುತ್ತೇನೆ.”

ನನಗೆ ನಾಚಿಕೆಯಾಯಿತು. ಇದು ನನ್ನ ಕಸುಬಿನ ಮೊದಲ ಪಾಠ. ಸಾವಿರ ಕಾರಿನ ಲೆಕ್ಕ ಹೇಳಬಹುದು, ಯಾವ ಕಾರು ಎಂದು ಹೇಳಲಾಗದು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಆ 39ರಲ್ಲಿ ಆಸ್ಪತ್ರೆ ತಲುಪುವ ಮೊದಲೇ ಹೋದವರೂ ಸೇರಿದ್ದರು. ಅಕ್ಕ ಆಸ್ಪತ್ರೆ ತಲುಪಿ, ಎರಡನೆಯ ರಾತ್ರಿ ದಾಟುತ್ತಿದ್ದಳು. ಜೊತೆಗೆ ಅದು ಇಪ್ಪತ್ತೈದು ವರ್ಷಕ್ಕೂ ಹಿಂದಿನ ಚಿಕಿತ್ಸೆಯ ಲೆಕ್ಕ. ನಾನು ಭಾವನಿಗೆ ಹೇಳಿದ್ದು ಬೇರೆ ಯಾರದೋ ಪರ್ಸೆಂಟ್.

ಆ ಸಂಜೆ ಪುಕೆಕೊಹೆಗೆ ಹೋಗುವ ದಾರಿಯಲ್ಲಿ ಕಾರಿನಲ್ಲೇ ತಪ್ಪೊಪ್ಪಿಕೊಂಡೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ನಂಬರು ಕೇಳಿದ್ದು ಹೌದು. ಆದರೆ ನನಗೆ ಬೇಕಿದ್ದದ್ದು ನೀನು ಬರ್ತೇನೆ ಹೇಳುವುದು” ಎಂದರು. ಮನೆಯಲ್ಲಿ ಅವರೇ ಅನ್ನಕ್ಕಿಟ್ಟು ಸಾರು ಮಾಡಿ ಬಡಿಸಿದರು.

ಆರನೆಯ ವಾರ ಅಕ್ಕ ಮನೆಗೆ ಬಂದಳು. ಮೂರು ತಿಂಗಳ ತಪಾಸಣೆಯಲ್ಲಿ ಅವಳಿಗೆ ಸಿಕ್ಕಿದ ಅಂಕ ಎರಡು. ಇದು ರ‍್ಯಾಂಕಿನ್ ಎಂಬ ಅಳತೆ, ಸೊನ್ನೆ ಎಂದರೆ ತೊಂದರೆ ಏನೂ ಇಲ್ಲ, ಆರು ಎಂದರೆ ಮರಣ. ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲಳು, ಹಿಂದೆ ಮಾಡುತ್ತಿದ್ದ ಎಲ್ಲವನ್ನೂ ಮಾಡಲಾರಳು, ಅದೇ ಎರಡು. ಪುಸ್ತಕದ ಲೆಕ್ಕದಲ್ಲಿ ಇದು ‘ಒಳ್ಳೆಯ ಫಲಿತಾಂಶ’.

ನೋಡಿದವರೂ ‘ಏನೂ ಆದ ಹಾಗೆ ಕಾಣುವುದಿಲ್ಲ’ ಎನ್ನುತ್ತಾರೆ. ಆದರೆ ಅಕ್ಕಿ ನೆನೆಹಾಕಿದ್ದು ಅವಳಿಗೆ ಮರೆಯುತ್ತದೆ. ಮಧ್ಯಾಹ್ನಕ್ಕೆ ಸುಸ್ತಾಗಿ ಮಲಗಬೇಕು. ಇಬ್ಬರು ಒಟ್ಟಿಗೆ ಮಾತಾಡಿದರೆ ತಲೆ ಕೆಡುತ್ತದೆ. ವೃದ್ಧಾಶ್ರಮದ ಕೆಲಸಕ್ಕೆ ಇನ್ನೂ ಹೋಗಿಲ್ಲ. ಅದೇ ಆಕ್ಲೆಂಡ್ ಅಧ್ಯಯನದವರು ಒಂದು ವರ್ಷದ ನಂತರ ಬದುಕಿದ್ದವರನ್ನು ವಿಚಾರಿಸಿದಾಗ, ಅರ್ಧದಷ್ಟು ಜನ ನೆನಪಿನ ತೊಂದರೆ ಹೇಳಿದ್ದರಂತೆ. ಮೊದಲ ಸಲ ಆ ಪುಟದವರೆಗೆ ನಾನು ಓದಿರಲಿಲ್ಲ. ಸಾಯುವವರ ಲೆಕ್ಕ ಸಿಕ್ಕಿದ ಕೂಡಲೇ ನಿಲ್ಲಿಸಿದ್ದೆ. ಈ ಮಾತನ್ನು ಅಕ್ಕನಿಗೆ ಹೇಳಿದಾಗ, ಅವಳ ಮುಖದಲ್ಲಿ ಸಮಾಧಾನ ಕಂಡಿತು. “ಹಾಗಾದರೆ ನನಗೆ ಮಾತ್ರ ಅಲ್ಲ ಅಲ್ವಾ?” ಎಂದಳು. ಅಂಕೆಸಂಖ್ಯೆಯಿಂದ ನಾನು ಒಬ್ಬರಿಗೆ ಉಪಕಾರ ಮಾಡಿದ್ದು ಬಹುಶಃ ಆಗ ಮಾತ್ರ.

ಗಲ್ಫಿನಲ್ಲಿರುವ ನನ್ನ ಓದುಗರಿಗೆ ಎರಡು ಮಾತು. ಸಿಡಿಲು ಬಡಿದಂತೆ ಹಠಾತ್ತನೆ ಬರುವ, ಹಿಂದೆಂದೂ ಕಾಣದಂಥ ತಲೆನೋವಿಗೆ ಮಾತ್ರೆ ನುಂಗಿ ಮಲಗಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಬಿಪಿ ನೋಡಿಸಿಕೊಳ್ಳಿ, ಸಿಗರೇಟು ಬಿಡಿ. ಈ ಕಾಯಿಲೆಯಲ್ಲಿ ನಮ್ಮ ಕೈಯಲ್ಲಿರುವುದು ಮುಖ್ಯವಾಗಿ ಈ ಎರಡೇ. ಮತ್ತೆ, ದೂರದಲ್ಲಿರುವ ನಮ್ಮವರು ರಾತ್ರಿ ಫೋನ್ ಮಾಡಿ ‘ಎಷ್ಟು ಪರ್ಸೆಂಟ್’ ಎಂದು ಕೇಳಿದರೆ, ಮೊದಲು ಅವರು ಊಟ ಮಾಡಿದ್ದಾರೋ ಎಂದು ಕೇಳಿ.

ಮೊನ್ನೆ ಅಕ್ಕ ವೀಡಿಯೋ ಕಾಲ್ ಮಾಡಿದ್ದಳು. ಗೋಡೆಯಲ್ಲಿ ಭಾವನ ಅಕ್ಷರದ ಚೀಟಿ ಕಾಣುತ್ತಿತ್ತು: ‘ರಾತ್ರಿ ಅಕ್ಕಿ ನೆನೆಹಾಕು’. ಕಾವಲಿಯ ಮೇಲೆ ನೀರುದೋಸೆ ಇತ್ತು. ಉಪ್ಪು ಹಾಕಲು ಮರೆತಿದ್ದಳಂತೆ. ಭಾವ ಏನೂ ಹೇಳದೆ ನಾಲ್ಕು ತಿಂದರು.